ಎದುರು ಕಟ್ಟಡದ ಅಂಚು

ನೇರಪ್ಪನನ್ನು ಯಾರಾದರೂ ಮನೆಗೆ ಕರೆದರೆ ಅವನು ಕುರ್ಚಿಯಲ್ಲಿ ಕೂರುವ ಮೊದಲು ಗೋಡೆ ನೋಡುತ್ತಿದ್ದ. ಕ್ಯಾಲೆಂಡರ್ ಒಂಚೂರು ವಾಲಿದ್ದರೂ ಸಾಕು, ಎದ್ದುಹೋಗಿ ಬೆರಳ ತುದಿಯಿಂದ ಸರಿಮಾಡಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಇನ್ನೊಮ್ಮೆ ಕೂದಲೆಳೆಯಷ್ಟು ಸರಿಸಿ, ಆಮೇಲೆಯೇ ಕಾಫಿ ಲೋಟ ಮುಟ್ಟುತ್ತಿದ್ದ. ಅಷ್ಟು ಹೊತ್ತಿಗೆ ಕಾಫಿ ಆರಿಹೋಗಿರುತ್ತಿತ್ತು. ಆರಿಹೋಗಿದೆ ಅಂತ ಮುಖ ಸಿಂಡರಿಸುವವನೂ ಅವನೇ! ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು, ಬೀದಿಯವರು ನೇರಪ್ಪ ಅಂದರು, ಅದೇ ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಸಿಟ್ಟು ಬರದ ದಿನ ಕಡಿಮೆ ಅನ್ನಿ.

ಅವನ ಕಸುಬೂ ಅವನ ಗುಣಕ್ಕೆ ಹೇಳಿ ಮಾಡಿಸಿದ್ದು. ದುರ್ಬೀನು, ಕ್ಯಾಮೆರಾ, ಜಮೀನು ಅಳೆಯುವವರ ಉಪಕರಣ ಎಲ್ಲವೂ ರಿಪೇರಿಗೆ ಬರುತ್ತಿದ್ದವು. ಆದರೆ ಹೊಟ್ಟೆಪಾಡು ನಡೆಯುತ್ತಿದ್ದುದು ರೈಫಲ್ ಮೇಲೆ ಕೂರಿಸುವ ಸ್ಕೋಪುಗಳಿಂದ. ಊರಾಚೆ ಒಂದು ಶೂಟಿಂಗ್ ಕ್ಲಬ್ ಇತ್ತು. ಅಲ್ಲಿನ ಹುಡುಗರು ಹುಡುಗಿಯರು ಸ್ಪರ್ಧೆಗೆ ಹೋಗುವವರು, ಅವರ ಸ್ಕೋಪುಗಳೆಲ್ಲ ನೇರಪ್ಪನ ಕೈ ದಾಟಿಯೇ ಹೋಗಬೇಕು. ಸ್ಕೋಪಿನೊಳಗೆ ಕಣ್ಣಿಟ್ಟರೆ ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ ಕಾಣುತ್ತವೆ. ಅವೆರಡೂ ಕೂಡುವ ಜಾಗವೇ ಗುರಿ. ನಿಂತ ಗೆರೆ ನೆಟ್ಟಗೆ ನಿಂತಿರಬೇಕು. ಅದು ಕುಡಿದವನ ಹಾಗೆ ಒಂಚೂರು ವಾಲಿದ್ದರೆ ಹತ್ತಿರದ ಗುರಿಗೇನೂ ತೊಂದರೆಯಿಲ್ಲ. ದೂರ ಹೋದಹಾಗೆಲ್ಲ ಗುಂಡು ಪಕ್ಕಕ್ಕೆ ಜಾರುತ್ತದೆ, ಹೊಡೆದವನು ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾನೆ.

ಗೆರೆ ನೆಟ್ಟಗೆ ಮಾಡುವುದಕ್ಕೆ ನೇರಪ್ಪನ ಹತ್ತಿರ ಅಪ್ಪನ ಕಾಲದ ಒಂದು ಪದ್ಧತಿ ಇತ್ತು. ಅಂಗಡಿ ಇದ್ದದ್ದು ಅವರದೇ ಮನೆಯ ಮೇಲ್ಮಹಡಿಯಲ್ಲಿ, ಬೀದಿಗೆ ತೆರೆದ ದೊಡ್ಡ ಕಿಟಕಿಯ ಮುಂದೆ. ಕಿಟಕಿಯಡಿಗೆ ಕಬ್ಬಿಣದ ಒಂದು ಪೀಠ. ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಅದರ ಮೇಲೆ ರಸಮಟ್ಟ ಇಟ್ಟು, ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ತಿರುಪು ತಿರುಗಿಸುವುದು. ಪೀಠಕ್ಕೆ ಸ್ಕೋಪ್ ಬಿಗಿದು, ಅಗಲ ರಸ್ತೆಯಾಚೆಗಿನ ನಾಲ್ಕು ಮಹಡಿಯ ಕಟ್ಟಡದ ಬಲಮೂಲೆಯ ಅಂಚನ್ನು ನೋಡುವುದು. ಒಳಗಿನ ಉಂಗುರ ಸಡಿಲಿಸಿ, ನಿಂತ ಗೆರೆ ಆ ಅಂಚಿನ ಮೇಲೆ ಸರಿಯಾಗಿ ಕೂರುವವರೆಗೂ ತಿರುಗಿಸಿ, ಉಂಗುರ ಬಿಗಿಯುವುದು. ಅಷ್ಟೇ ಕೆಲಸ. ಕಟ್ಟಡ ಹೊಸದಾಗಿದ್ದಾಗ ಅಪ್ಪ ತಾರಸಿಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಆ ಅಂಚನ್ನು ಪರೀಕ್ಷೆ ಮಾಡಿದ್ದನಂತೆ. ಎಳೆಯಷ್ಟೂ ಫರಕು ಇರಲಿಲ್ಲವಂತೆ. "ಈ ಊರಲ್ಲಿ ನೆಟ್ಟಗಿರೋದು ಅದೊಂದೇ ಕಣೋ, ಮನುಷ್ಯರನ್ನ ಬಿಟ್ಟು ಅದನ್ನ ನಂಬು," ಅಂತ ಅಪ್ಪ ಹೇಳಿದ್ದ. ನೇರಪ್ಪ ನಂಬಿದ್ದ.

ನಂಬುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಅಂಚಿಗೆ ತಾಗಿಕೊಂಡ ಮೂರನೇ ಮಹಡಿಯ ಕಿಟಕಿ ಅವನ ಅಕ್ಕನದು.

ಅಕ್ಕ ಮದುವೆಯಾಗಿ ರಸ್ತೆ ದಾಟಿದವಳು, ಅಷ್ಟೇ ದೂರ. ಭಾವ ಗೋದಾಮಿನ ಕಾವಲುಗಾರ. ಬಾಗಿಲು, ಬೀಗ, ಚಿಲಕ ಇವಿಷ್ಟೇ ಅವನ ಪ್ರಪಂಚ. ಏನೇ ಮುಚ್ಚಿದರೂ ಎರಡು ಸಲ ಜಗ್ಗಿ ನೋಡುತ್ತಿದ್ದ, ಟಕ್ ಟಕ್ ಅಂತ. ಅಕ್ಕನೋ, ಹುಟ್ಟಿನಿಂದಲೇ ಏನನ್ನೂ ಮುಚ್ಚುವ ಜಾಯಮಾನದವಳಲ್ಲ. ಡಬ್ಬ, ಕಪಾಟು, ಬಚ್ಚಲ ಬಾಗಿಲು ಎಲ್ಲ ಹಾರುಹೊಡೆದೇ. ಅವಳು ತೆರೆದಿಡುತ್ತ ಮುಂದೆ ಹೋಗುವಳು, ಭಾವ ಬೈಯುತ್ತ, ಮುಚ್ಚುತ್ತ ಹಿಂದೆ ಬರುವನು. ಅವರ ಸಂಸಾರ ನಡೆದದ್ದೇ ಹಾಗೆ. ಮಕ್ಕಳಿರಲಿಲ್ಲ. ಹೋದ ವರ್ಷ ಭಾವ ನಿದ್ದೆಯಲ್ಲೇ ಹೋಗಿಬಿಟ್ಟ.

ಅಂದಿನಿಂದ ನೇರಪ್ಪನ ತಲೆಯಲ್ಲಿ ಒಂದೇ ಕೊರೆತ: ಅಕ್ಕನನ್ನು ಆ ಮನೆಯಿಂದ ಇಳಿಸಿ ತಂದು ತನ್ನ ಮನೆಯಲ್ಲಿಟ್ಟುಕೊಳ್ಳುವುದು ಹೇಗೆ? ಒಂಟಿ ಹೆಂಗಸು, ಮಂಡಿನೋವು, ಅಷ್ಟು ಮೆಟ್ಟಿಲು. ಹೆಂಡತಿ ಕೋಣೆಯನ್ನೂ ಒಪ್ಪಮಾಡಿ ಇಟ್ಟಿದ್ದಳು. ಅಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಒಂದು ಭಾನುವಾರ ಅವನು ಹೋಗಿ ಪಟ್ಟುಹಿಡಿದು ಕೂತಾಗ, ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿ ಹೇಳಿದಳು.

"ನಿಮ್ಮ ಭಾವ ಬರ್ತಾರೆ ಕಣೋ."

"ಎಲ್ಲಿಗೆ?"

"ಇಲ್ಲಿಗೇ. ಇನ್ನೆಲ್ಲಿಗೆ ಹೋಗ್ತಾರೆ? ಮಲಗಿದ್ದಾಗ ಬೀರು ಬಾಗಿಲು ತಾನಾಗೇ ತೆಗೆಯತ್ತೆ. ಕಿರ್ ಅಂತ. ನಾನು ಏಳಲ್ಲ. ಏಳಬೇಡ, ಮಲಗು ಅಂತಾರೇನೋ ಅನ್ಸತ್ತೆ. ಬೆಳಕು ಬಿಡೋ ಹೊತ್ತಿಗೆ ಟಕ್ ಟಕ್. ಎದ್ದು ನೋಡಿದ್ರೆ ಮುಚ್ಚಿರತ್ತೆ."

ನೇರಪ್ಪನ ರಿಪೇರಿ ಬುದ್ಧಿ ಎಲ್ಲಿ ಹೋಗುತ್ತೆ? ಎದ್ದು ಬೀರುವಿನ ಬಾಗಿಲನ್ನು ಹಿಂದೆ ಮುಂದೆ ಆಡಿಸಿದ. "ಹಿಡಿ ಸಡಿಲ ಆಗಿದೆ ಅಕ್ಕ, ಅದಕ್ಕೇ ತೆರ್ಕೊಳ್ಳತ್ತೆ," ಅಂದ. ತಾನಾಗೇ ತೆರೆದುಕೊಳ್ಳುವುದಕ್ಕೆ ಕಾರಣ ಸಿಕ್ಕಿತಲ್ಲ, ಅದೇ ಅವನಿಗೆ ಸಮಾಧಾನ. ಮುಚ್ಚಿಕೊಳ್ಳುವ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಅಕ್ಕನ ಮಣೆಯಿಂದ ಒಂದು ಈರುಳ್ಳಿ ಜಾರಿ ನೆಲಕ್ಕೆ ಬಿತ್ತು, ನಿಧಾನವಾಗಿ, ಯಾರೋ ಕರೆದ ಹಾಗೆ, ಬಲಗಡೆಯ ಗೋಡೆಯವರೆಗೂ ಉರುಳಿಹೋಯಿತು. ಅಲ್ಲಿ ಆಗಲೇ ಒಂದು ಆಲೂಗಡ್ಡೆ, ಒಂದು ದಾರದ ಉಂಡೆ ಕೂತಿದ್ದವು. ಅಕ್ಕ ಮೂರನ್ನೂ ಹೆಕ್ಕಿಕೊಂಡು ಬಂದಳು. ಆ ಗೋಡೆಯಾಚೆ ಪಕ್ಕದ ನಿವೇಶನದಲ್ಲಿ, ತಗಡಿನ ಬೇಲಿಯ ಹಿಂದೆ, ಹೊಸ ಕಟ್ಟಡಕ್ಕಂತ ದೊಡ್ಡ ಗುಂಡಿ ತೋಡಿದ್ದರು. ಕೆಲಸ ನಿಂತುಹೋಗಿ ಗುಂಡಿಯ ತುಂಬ ಕಪ್ಪು ನೀರು ನಿಂತಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ! ರೀ, ಅತ್ತಿಗೆ ತಲೆಗೆ ಹಚ್ಚಿಕೊಂಡುಬಿಟ್ಟಿದ್ದಾರೆ. ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಬೇಕು," ಅಂದಳು.

ತೋರಿಸಬೇಕಾಗಿ ಬಂದದ್ದು ಮಾತ್ರ ನೇರಪ್ಪನನ್ನೇ.

ಶೂಟಿಂಗ್ ಕ್ಲಬ್ಬಿನ ಕೋಚ್ ಗಟ್ಟಿ ಗಂಟಲಿನ ಹೆಂಗಸು, ಒಳ್ಳೆಯ ಮನಸ್ಸು. ಒಂದು ದಿನ ಮೆಟ್ಟಿಲು ಹತ್ತಿಕೊಂಡು ಬಂದು ಒಂದು ಸ್ಕೋಪನ್ನು ಮೇಜಿನ ಮೇಲಿಟ್ಟಳು. "ಏನ್ರೀ ನೇರಪ್ಪನೋರೇ, ನಿಂತ ಗೆರೆ ಬಲಕ್ಕೆ ವಾಲಿದೆ. ನೀವೇ ಮಾಡಿಕೊಟ್ಟಿದ್ದು. ನಿಮ್ಮ ಕೈಯಿಂದ ಹೀಗಾಯ್ತು ಅಂದ್ರೆ ನಾನೇ ನಂಬಲಿಲ್ಲ."

ನೇರಪ್ಪ ಪೀಠಕ್ಕೆ ಬಿಗಿದು ನೋಡಿದ. ನಕ್ಕುಬಿಟ್ಟ. "ಮೇಡಂ, ವಾಲಿರೋದು ಹೌದು. ಆದ್ರೆ ಬಲಕ್ಕಲ್ಲ, ಎಡಕ್ಕೆ! ನೀವು ನೋಡಿ ಬೇಕಾದ್ರೆ."

ಅವಳು ನೋಡಿದಳು. ಅಂಚಿನ ಪಕ್ಕದಲ್ಲಿ ಗೆರೆ ಎಡಕ್ಕೇ ವಾಲಿತ್ತು. "ನಮ್ಮಲ್ಲಿ ದಾರ ಕಟ್ಟಿ ನೋಡಿದ್ವಿ, ಬಲಕ್ಕಿತ್ತು," ಅಂತ ಗೊಣಗಿದಳು. "ನಿಮ್ಮ ಬಯಲಲ್ಲಿ ಗಾಳಿ ಬೀಸತ್ತೆ, ದಾರ ನಿಂತ ಕಡೆ ನಿಲ್ಲಲ್ಲ," ಅಂದ ನೇರಪ್ಪ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವನ ಹಾಗೆ. ಗೆರೆಯನ್ನು ಅಂಚಿಗೆ ಕೂರಿಸಿ ಕಳಿಸಿದ.

ಸ್ವಲ್ಪ ದಿನಕ್ಕೇ ಅದೇ ಸ್ಕೋಪ್ ವಾಪಸು ಬಂತು, ಜೊತೆಗೆ ಇನ್ನೂ ಮೂರು. ಈ ಸಲ ಕೋಚ್ ಗಂಟಲು ತಗ್ಗಿಸಿ ಮಾತಾಡಿದಳು. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು. "ಮೊದಲಿಗಿಂತ ಜಾಸ್ತಿ ವಾಲಿದೆ ನೇರಪ್ಪನೋರೇ. ಎಲ್ಲವೂ ಬಲಕ್ಕೇ. ಮೈ ಹುಷಾರಿದೆ ತಾನೇ?"

ಅವಳು ಹೋದ ಮೇಲೆ ಒಂದೊಂದಾಗಿ ಪೀಠಕ್ಕೆ ಬಿಗಿದ. ನಾಲ್ಕೂ ಎಡಕ್ಕೆ ವಾಲಿದ್ದವು. ತಾನೇ, ಇದೇ ಕೈಯಿಂದ, ಇದೇ ಅಂಚಿಗೆ ಕೂರಿಸಿದ ಗೆರೆಗಳು. ಹಳೆಯದು ಹೆಚ್ಚು ವಾಲಿತ್ತು, ಮೊನ್ನೆಯದು ಕಡಿಮೆ. ಮುಚ್ಚಿದ ಕೊಳವೆಯೊಳಗೆ, ಬಿಗಿದ ಉಂಗುರದೊಳಗೆ, ಯಾರೂ ಮುಟ್ಟದ ಗೆರೆಗಳು ತಾವಾಗೇ ಒಂದೇ ಕಡೆಗೆ ತಿರುಗುತ್ತಿವೆಯೇ? ಮಟಮಟ ಮಧ್ಯಾಹ್ನ, ಕೆಳಗೆ ಬೀದಿಯಲ್ಲಿ ತರಕಾರಿಯವನು ಕೂಗುತ್ತಿದ್ದಾನೆ. ಇವನು ಮಾತ್ರ ಅಂಗಡಿಯ ಮೂಲೆಗಳನ್ನೆಲ್ಲ ತಿರುತಿರುಗಿ ನೋಡುತ್ತ ನಿಂತಿದ್ದ. ಒಂದು ಸ್ಕೋಪಿನೊಳಗೆ ಮತ್ತೆ ಕಣ್ಣಿಟ್ಟಾಗ ಅಕ್ಕನ ಕಿಟಕಿ ಕಂಡಿತು. ಒಳಗೆ ಬೀರುವಿನ ಬಾಗಿಲು ಯಾರೂ ಮುಟ್ಟದೆ ಮೆಲ್ಲಗೆ ತೆರೆದುಕೊಂಡಿತು.

ಹೆಂಡತಿ ಬಲವಂತ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡುಹೋದಳು. ಡಾಕ್ಟರು ದೀಪ ಬಿಟ್ಟು, ಅಕ್ಷರ ಓದಿಸಿ, "ನನ್ನ ಕಣ್ಣಿಗಿಂತ ಚೆನ್ನಾಗಿದೆ, ಹೋಗಿ," ಅಂದರು. ಬೇರೆಯವರಾದರೆ ಹಿಗ್ಗುತ್ತಿದ್ದರು. ನೇರಪ್ಪ ಇನ್ನಷ್ಟು ಕುಗ್ಗಿಹೋದ. ಕಣ್ಣು ಸರಿ, ಪೀಠ ಸರಿ, ರಸಮಟ್ಟದ ಗುಳ್ಳೆ ನಟ್ಟನಡುವೆ. ಹಾಗಾದರೆ ಕೆಟ್ಟಿರುವುದು ಯಾವುದು? ಅಕ್ಕನಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆನಲ್ಲ, ಮನೆತನದಲ್ಲೇ ಬಂದದ್ದೋ ಏನೋ ಅನ್ನುವ ಭಯ ಹೊಕ್ಕಿತು.

ಮಾರನೆಯ ಬೆಳಿಗ್ಗೆ ಹಳೆಯ ಪೆಟ್ಟಿಗೆ ಕೆದಕಿ ಅಪ್ಪನ ತೂಕದ ಗುಂಡು ತೆಗೆದ. ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದಕ್ಕೆ, ಅಷ್ಟೇ. ಕಟ್ಟಡದ ಮೇಲೆ ಅನುಮಾನ ಅವನ ಕನಸಿಗೂ ಬಂದಿರಲಿಲ್ಲ. ಕಿಟಕಿಯ ಮೇಲಿನ ಮೊಳೆಗೆ ದಾರ ಕಟ್ಟಿ ಇಳಿಬಿಟ್ಟ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ದಾರದ ಮೇಲ್ಭಾಗವನ್ನು ಎದುರು ಅಂಚಿನ ತುದಿಗೆ ಹೊಂದಿಸಿ, ನೋಟವನ್ನು ಕೆಳಗಿಳಿಸಿದ. ಮೇಲೆ ದಾರ, ಅಂಚು ಒಂದಾಗಿದ್ದವು. ಕೆಳಗಿಳಿದ ಹಾಗೆ ನಡುವೆ ಬೆಳಕು ಬಿಟ್ಟುಕೊಂಡಿತು. ಬುಡದ ಹೊತ್ತಿಗೆ ಅಂಚು ದಾರವನ್ನು ಬಿಟ್ಟು ಎಡಕ್ಕೆ ಎಲ್ಲೋ ಉಳಿದಿತ್ತು.

"ಥೂ, ಗಾಳಿ," ಅಂದುಕೊಂಡ. ಕಿಟಕಿ ಮುಚ್ಚಿದ. ಗಾಜಿನೊಳಗಿಂದ ನೋಡಿದ. ಹಾಗೇ ಇತ್ತು. ಗುಂಡು ಅಲುಗದಿರಲಿ ಅಂತ ಒಂದು ಡಬ್ಬದ ಎಣ್ಣೆಯೊಳಗೆ ಅದ್ದಿಟ್ಟ, ಉಸಿರು ಬಿಗಿಹಿಡಿದು ಕಾದ. ದಾರ ಸತ್ತ ಹಾಗೆ ನಿಂತಿತು. ಅಂಚು ಅದಕ್ಕೆ ಹೊಂದಲೇ ಇಲ್ಲ.

ಆಗ ಎಲ್ಲ ಒಂದೇ ಏಟಿಗೆ ಹೊಳೆಯಿತು. ವಾಲುತ್ತಿರುವುದು ಗೆರೆಯಲ್ಲ. ಕಟ್ಟಡ ವಾಲುತ್ತಿದೆ, ಬಲಕ್ಕೆ, ಆ ಕಪ್ಪು ನೀರಿನ ಗುಂಡಿಯ ಕಡೆಗೆ. ತಾನು ವಾಲಿದ ಕಟ್ಟಡಕ್ಕೆ ಗೆರೆ ಕೂರಿಸಿ ಕಳಿಸುತ್ತಿದ್ದೇನೆ, ಅದು ತಿರುಗಿ ಬರುವಷ್ಟರಲ್ಲಿ ಕಟ್ಟಡ ಇನ್ನಷ್ಟು ವಾಲಿರುತ್ತದೆ. ಈರುಳ್ಳಿ ಉರುಳಿದ್ದು ಆ ಕಡೆಗೆ. ಬೀರುವಿನ ಬಾಗಿಲು ತೆರೆಯುತ್ತಿದ್ದದ್ದು ಅದಕ್ಕೇ! ಮನುಷ್ಯರನ್ನೆಲ್ಲ ಬಿಟ್ಟು ಇದನ್ನು ನಂಬಿಕೊಂಡೆನಲ್ಲ ಅಂತ ಹಣೆ ಚಚ್ಚಿಕೊಂಡ. ಎದುರು ಕಿಟಕಿಯಲ್ಲಿ ಅಕ್ಕ ಬಂದು ನಿಂತು ಒದ್ದೆ ಟವೆಲು ಕೊಡವಿದಳು.

ನೇರಪ್ಪ ಚಪ್ಪಲಿ ಹಾಕಿಕೊಳ್ಳದೆ ಓಡಿದ. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ಅಕ್ಕನಿಗೆ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, ನೀರು ಕೊಟ್ಟು, "ವಾಲಿದ್ರೆ ವಾಲ್ಲಿ ಬಿಡು. ಅವರು ಬರೋದು ಈ ಮನೆಗೆ. ನಾನು ಬಂದುಬಿಟ್ರೆ ಅವರಿಗೆ ಬಾಗಿಲು ತೆಗೆಯೋರ್ಯಾರು?" ಅಂದಳು.

"ಅಕ್ಕ, ಭಾವ ಬರ್ತಾ ಇಲ್ಲ! ಬೀರು ತೆಗೀತಿರೋದು ಕಟ್ಟಡ ವಾಲಿರೋದಕ್ಕೆ. ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಸಲ ಅಂಗಡಿಗೆ ಬಂದು ನಿನ್ನ ಕಣ್ಣಾರೆ ನೋಡು."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಅಕ್ಕನ ಮುಖ ಏಟು ತಿಂದವರ ಮುಖದ ಹಾಗೆ ಆಗಿತ್ತು. ಆದರೂ ಸೆರಗು ಸರಿಮಾಡಿಕೊಂಡು ಅವನ ಹಿಂದೆ ಬಂದಳು. ಬರುವಾಗ ಬೀರುವಿನ ಬಾಗಿಲು ತೆರೆದೇ ಇತ್ತು, ಮುಚ್ಚುವುದು ಅವಳ ಅಭ್ಯಾಸವಲ್ಲವಲ್ಲ.

ಅಂಗಡಿಯಲ್ಲಿ ಅವಳನ್ನು ನಿಲ್ಲಿಸಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ದಾರ ತೋರಿಸಿದ. ಬಹಳ ಹೊತ್ತು ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು.

"ತೆಗೀತಿದ್ದಿದ್ದು ಮನೆ ಅಂತಾಯ್ತು," ಅಂದಳು. "ಮುಚ್ಚುತ್ತಿದ್ದಿದ್ದು ಯಾರೋ?"

ಬಲಕ್ಕೆ ವಾಲಿದ ಮನೆ ಬಾಗಿಲನ್ನು ತೆರೆದೀತು, ಎಳೆದು ಮುಚ್ಚಲಾರದು. ಮುಚ್ಚಿ ಎರಡು ಸಲ ಜಗ್ಗುವುದಂತೂ ಯಾವ ಮನೆಯ ಕೈಲೂ ಆಗುವುದಿಲ್ಲ. ಇದು ನೇರಪ್ಪನಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಅವನು ಫೋನು ಮಾಡಿದ ಮೇಲೆ ನಗರಸಭೆಯ ಎಂಜಿನಿಯರ್ ಬಂದರು, ಕಟ್ಟಡ ನೋಡಿ ಹೌಹಾರಿದರು. ಮಧ್ಯಾಹ್ನದೊಳಗೆ ಎಲ್ಲ ಮನೆಗಳವರನ್ನೂ ಇಳಿಸಿ, ಬೀದಿಗೆ ಹಗ್ಗ ಕಟ್ಟಿ, ಕೆಳಗಿನ ಗೇಟಿಗೆ ಬೀಗ ಜಡಿದರು. ಜನ ಹಾಸಿಗೆ, ಪಾತ್ರೆ ಹೊತ್ತುಕೊಂಡು ನೆಂಟರ ಮನೆಗಳಿಗೆ ಚೆದುರಿದರು. ಅಕ್ಕ ಮಾತ್ರ ತಾನೊಬ್ಬಳೇ ಮೇಲೆ ಹೋಗುತ್ತೇನೆಂದು ಹಟ ಹಿಡಿದಳು. ಹಿಂದಿನ ಗೋಡೆಯಲ್ಲಿ ನೀರು ತರುವವರ ಸಣ್ಣ ಬಾಗಿಲೊಂದಿತ್ತು, ಅದರ ಕೀಲಿ ಅವಳ ಸೊಂಟದಲ್ಲೇ ಇತ್ತು. ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

"ನೋಡು," ಅಂದಳು ತಮ್ಮನಿಗೆ. "ನಾನು ಬರುವಾಗ ಬೀರು ತೆರೆದಿತ್ತು. ಈಗ ಒಳಗೆ ನರಪಿಳ್ಳೆ ಇಲ್ಲ. ನಾಳೆ ನಿನ್ನ ಸ್ಕೋಪಲ್ಲಿ ನೋಡಿ ಹೇಳು. ತೆರೆದೇ ಇದ್ರೆ ನಿನ್ನ ಮನೆಲೇ ಇದ್ದುಬಿಡ್ತೀನಿ, ಇನ್ನೊಂದು ಮಾತಾಡಲ್ಲ. ಮುಚ್ಚಿದ್ರೆ ಅವರಿದ್ದಾರೆ ಅಂತ. ಆಗ ನನ್ನ ಯಾರೂ ತಡೀಬಾರದು."

"ನೀನೇ ನೋಡು ಅಕ್ಕ."

"ನನಗೆ ನೋಡೋ ಧೈರ್ಯ ಇಲ್ವೋ. ನೀನು ನೋಡು. ಸೊಟ್ಟಗಿರೋದನ್ನ ನೆಟ್ಟಗಿದೆ ಅಂತ ನೀನು ಒಂದು ದಿನಾನೂ ಹೇಳಿದವನಲ್ಲ."

ಮಾರನೆಯ ದಿನ ಊಟವಾದ ಮೇಲೆ ಅಕ್ಕ ಅಂಗಡಿಗೆ ಬಂದು, ಕಿಟಕಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಳು. ನೇರಪ್ಪ ಇದ್ದುದರಲ್ಲಿ ಒಳ್ಳೆಯ ಸ್ಕೋಪನ್ನು ಪೀಠಕ್ಕೆ ಬಿಗಿದ. ಗೆರೆಯನ್ನು ಬೆಳಿಗ್ಗೆಯೇ ದಾರಕ್ಕೆ ಕೂರಿಸಿದ್ದ. ಕಣ್ಣಿಟ್ಟ. ಖಾಲಿ ಕಟ್ಟಡ ಗೆರೆಯ ಪಕ್ಕದಲ್ಲಿ ನಾಚಿಕೆಯಿಲ್ಲದೆ ವಾಲಿಕೊಂಡು ನಿಂತಿತ್ತು. ಅಕ್ಕನ ಕಿಟಕಿ. ಒಳಗಿನ ಮಂಚ, ಗೋಡೆ, ಬೀರು. ಬಿಸಿಲು ಒಳಗಿನವರೆಗೂ ಬಿದ್ದಿತ್ತು.

ಬೀರುವಿನ ಬಾಗಿಲು ತೆರೆದಿತ್ತು. ಅಬ್ಬಾ ಅಂತ ಉಸಿರು ಬಿಟ್ಟ. "ತೆರೆ..." ಅನ್ನುವಷ್ಟರಲ್ಲಿ ಬಾಗಿಲು ಅಲುಗಿತು. ವಾಲಿದ್ದಕ್ಕೆ ಎದುರು ದಿಕ್ಕಿನಲ್ಲಿ, ಏರು ಹತ್ತುವವರ ಹಾಗೆ ನಿಧಾನವಾಗಿ ಹಿಂದಕ್ಕೆ ಬಂದು ಮುಚ್ಚಿಕೊಂಡಿತು. ಹಿಡಿ ಕೆಳಗೆ ತಿರುಗಿತು. ಆಮೇಲೆ ಬಾಗಿಲು ನಡುಗಿತು, ಒಂದು ಸಲ, ಇನ್ನೊಂದು ಸಲ. ಅಷ್ಟು ದೂರದಿಂದ ಸದ್ದು ಕೇಳುವಂತಿರಲಿಲ್ಲ. ನೇರಪ್ಪನ ಕಿವಿಗೆ ಕೇಳಿಸಿತು.

"ಏನಾಗಿದೆಯೋ?" ಬೆನ್ನ ಹಿಂದಿನಿಂದ ಅಕ್ಕನ ದನಿ.

ಭಾವ ಎಷ್ಟೋ ಸಲ ಆ ಕಿಟಕಿಯಲ್ಲಿ ನಿಂತು, ಸ್ಕೋಪಿನ ಕಡೆಗೆ ಕೈಬೀಸಿ ಹಲ್ಲುಕಿರಿಯುತ್ತಿದ್ದುದು ನೆನಪಾಯಿತು. ಸ್ಕೋಪಿನಿಂದ ಕಣ್ಣು ತೆಗೆಯದೆ ಹೇಳಿದ.

"ತೆರೆದೇ ಇದೆ ಅಕ್ಕ."

ಅಕ್ಕ ಸೊಂಟದ ಕೀಲಿ ತೆಗೆದು ಅವನ ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಕಟ್ಟಡ ಬಿದ್ದದ್ದು ಅದೇ ವಾರ, ಹಗಲು ಹೊತ್ತಿನಲ್ಲಿ. ಸಿಡಿಲು ಬಡಿದಂಥ ಸದ್ದಾಗಿ ಬೀದಿಯೆಲ್ಲ ಧೂಳಾಯಿತು. ಯಾರಿಗೂ ಏನೂ ಆಗಲಿಲ್ಲ. ಕೋಚ್ ಬಂದು ನೇರಪ್ಪನ ಕೈ ಕುಲುಕಿ ಹೋದಳು. ಈಗ ಅಂಗಡಿಯ ಗೆರೆಗಳೆಲ್ಲ ಎಣ್ಣೆಯೊಳಗೆ ಅದ್ದಿದ ಗುಂಡಿನ ದಾರಕ್ಕೇ ಕೂರುತ್ತವೆ. ಎದುರಿಗೆ ಬರೀ ಆಕಾಶ.

ಅಕ್ಕ ಇಲ್ಲಿಯೂ ಹಾಗೇ. ಅಡುಗೆಮನೆಯ ಕಪಾಟು, ಡಬ್ಬ, ಬಾಗಿಲು ಎಲ್ಲ ಹಾರುಹೊಡೆದು ಓಡಾಡುತ್ತಾಳೆ. ನೇರಪ್ಪನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಾಳೆ. ಒಂದು ಬೆಳಿಗ್ಗೆ ಕಾಫಿಗೆಂದು ಒಳಗೆ ಬಂದ ನೇರಪ್ಪ, ಅಕ್ಕ ತೆರೆದಿಟ್ಟ ಕಪಾಟನ್ನು ಮುಚ್ಚಿದ. ಮುಚ್ಚಿದವನು, ಯಾಕೆಂದು ಅವನಿಗೇ ಗೊತ್ತಿಲ್ಲ, ಎರಡು ಸಲ ಜಗ್ಗಿದ. ಟಕ್ ಟಕ್.

ಒಲೆಯ ಮುಂದಿದ್ದ ಅಕ್ಕನ ಕೈ ನಿಂತುಹೋಯಿತು. ತಿರುಗಿ ನೋಡದೆ ಕೇಳಿದಳು. "ಅವತ್ತು ಮುಚ್ಚಿತ್ತು, ಅಲ್ವೇನೋ?"

ಇನ್ನು ಹೋಗುವುದಕ್ಕೆ ಆ ಮನೆ ಇರಲಿಲ್ಲ. "ಹೂಂ," ಅಂದ. ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು ಅಕ್ಕ."

"ಗೊತ್ತಿತ್ತು ಬಿಡು. ನಿನಗೆ ಸುಳ್ಳು ಹೇಳೋಕೆ ಎಲ್ಲಿ ಬರತ್ತೆ? ದನಿ ನಡುಗ್ತಿತ್ತು." ಹಾಲು ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಇಷ್ಟು ಬೇಡಿಕೊಳ್ತಾನಲ್ಲ ನನ್ನ ತಮ್ಮ, ಬದುಕಿರೋಣ ಅನ್ನಿಸ್ತು. ಅದಕ್ಕೇ ಕೀಲಿ ಇಟ್ಟೆ."

ಅಕ್ಕ ಬಂದು ಕಪಾಟಿನ ಬಾಗಿಲನ್ನು ಮತ್ತೆ ಅಗಲಕ್ಕೆ ತೆರೆದಿಟ್ಟಳು.

"ಇನ್ಮೇಲೆ ನೀನು ಮುಚ್ಚೋಕೆ ಹೋಗ್ಬೇಡ. ತೆರೆದೇ ಇರ್ಲಿ," ಅಂದಳು. "ರಸ್ತೆ ದಾಟಿ ಬರ್ಬೇಕಲ್ಲ, ಅವರಿಗೆ ದಾರಿ ಗೊತ್ತಾಗೋಕೆ ಸ್ವಲ್ಪ ದಿನ ಹಿಡಿಯತ್ತೆ."